ತಿಕೋಟಾ ಮೇಡಂ ಕಲಿಸಿದ ಎರಡು ಪಾಠ

ಮಕ್ಕಳೇ, ಹೋದ ವಾರ ನಿಮ್ಮ ಶಾಲೆಗೆ ಹೊಸ ಮೇಡಂ ಒಬ್ಬರು ಡೆಮೋ ಪಾಠ ಮಾಡಲು ಬಂದಿದ್ದರಂತೆ. ಹಲಗೆಯ ಮೇಲೆ ಬರೆಯುವಾಗ ಅವರ ಕೈ ಹೇಗೆ ನಡುಗುತ್ತಿತ್ತು ಎಂದು ಹಿರಿಯವಳು ಅಡುಗೆಮನೆಯಲ್ಲಿ ನಿಂತು ಅಣಕಿಸಿ ತೋರಿಸಿದಳು. ಕಿರಿಯವನು ಬಿದ್ದು ಬಿದ್ದು ನಕ್ಕ. ನಿಮ್ಮ ಅವ್ವ, ಅಂದರೆ ನನ್ನ ಮಗಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾವಿಬ್ಬರೂ ನಗಲಿಲ್ಲ. ಯಾಕೆ ನಗಲಿಲ್ಲ ಎಂದು ನೀವು ಕೇಳಿದಿರಿ. ನನಗೆ ಬಾಯಿಯಿಂದ ಹೇಳಲು ಬರುವುದಿಲ್ಲ. ನಾಲ್ಕು ಜನ ಕೂತಲ್ಲಿ ನನ್ನ ಮಾತು ಗಂಟಲು ದಾಟಿ ಮೇಲೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಘೋಣಸಗಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಅಷ್ಟು ಸಾಕು ಎಂದುಕೊಂಡು ಬರೆಯುತ್ತಿದ್ದೇನೆ.

ಹಿರಿಯವಳೇ, ಆಗ ನೀನು ಏಳು ತಿಂಗಳ ಕೂಸು. ಕಿರಿಯವನು ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಬಬಲೇಶ್ವರದ ಮನೆಗೆ ಕೀಲಿ ಹಾಕಿ, ನಿನ್ನನ್ನು ನೋಡಿಕೊಳ್ಳಲು ತಿಕೋಟಾಕ್ಕೆ ಬಂದಿದ್ದೆ. ನಿಮ್ಮ ಅಪ್ಪ ಬಿಜ್ಜರಗಿಯ ದ್ರಾಕ್ಷಿ ತೋಟವೊಂದರಲ್ಲಿ ಮೇಲ್ವಿಚಾರಣೆ ನೋಡುತ್ತಿದ್ದ. ಅಲ್ಲಿಯ ಕೆಲಸ ವರ್ಷದಲ್ಲಿ ಕೆಲವು ತಿಂಗಳು ಜೋರು, ಉಳಿದ ತಿಂಗಳು ಇದ್ದೂ ಇಲ್ಲದ ಹಾಗೆ. ನಿಮ್ಮ ಅವ್ವ ತಿಕೋಟಾದ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಳು. ಸಂಬಳ ಸಣ್ಣದಾದರೂ ತಿಂಗಳು ತಪ್ಪುತ್ತಿರಲಿಲ್ಲ. ಮನೆಯ ಒಲೆ ಅದರ ಮೇಲೇ ಉರಿಯುತ್ತಿತ್ತು.

ಆದರೆ ಅವಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ವಿಜಯಪುರದ ಅಂಚಿನಲ್ಲಿರುವ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರು ಬೇಕಾಗಿದ್ದಾರೆ ಎಂಬ ಜಾಹೀರಾತು ಪೇಪರಿನಲ್ಲಿ ಬಂತು. ಅದರ ಹೆಸರು ನಾನು ಬರೆಯುವುದಿಲ್ಲ, ಈಗ ಅಲ್ಲಿ ಇರುವವರು ಬೇರೆ ಇರಬಹುದು. ನಿಮ್ಮ ಅವ್ವ ಅರ್ಜಿ ಹಾಕಿದಳು. ಹದಿನೈದು ದಿನಕ್ಕೆ ಫೋನು ಬಂತು. ಬುಧವಾರ ಬನ್ನಿ, ಡೆಮೋ ಕ್ಲಾಸು, ಮೂರನೆಯ ಪಾಠ ತಯಾರಿ ಮಾಡಿಕೊಂಡು ಬನ್ನಿ.

ಕೂಸಿಗೆ ಹಾಲು ಕುಡಿಸಬೇಕಲ್ಲ, ಹಾಗಾಗಿ ನಾನೂ ಹೊರಟೆ. ಆದರೆ ಅವಳ ಜೊತೆಗೆ ಬಾಗಿಲು ದಾಟಲಿಲ್ಲ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ನನ್ನಂಥವಳು ಎದುರಿಗೆ ಬರಬಾರದು, ಹೊರಟವರನ್ನು ಹಿಂದಿನಿಂದ ಕರೆಯಬಾರದು. ನನಗೆ ಯಾರೂ ಹಾಗೆಂದು ಹೇಳಿರಲಿಲ್ಲ. ಹೇಳುವ ಮೊದಲೇ ನಾನು ಪಕ್ಕಕ್ಕೆ ಸರಿದು ನಿಲ್ಲುವುದನ್ನು ಕಲಿತಿದ್ದೆ. ಅವತ್ತು ನಿನ್ನನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಮೊದಲೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸಿನಲ್ಲೂ ಅವಳ ಹಿಂದಿನ ಸೀಟಿನಲ್ಲಿ ಕೂತೆ.

"ಹುಚ್ಚಿ ಏನ್ ಬೇ ನೀ? ನನ್ನ ಹಡದಾಕಿ ನೀ. ನಿನ್ನ ಮುಖಾ ನೋಡಿದ್ರ ನನಗ ಕೆಲಸ ಸಿಗೂದಿಲ್ಲೇನು?" ಎಂದು ತಿರುಗಿ ನೋಡಿ ಬೈದಳು.

"ಇರ್ಲಿ, ನೀ ಮುಂದ ನೋಡು," ಎಂದೆ.

ವಿಶ್ವವಿದ್ಯಾಲಯದ ಕಟ್ಟಡ ಹೊರಗಿನಿಂದ ಅರಮನೆಯ ಹಾಗಿತ್ತು. ಒಳಗೆ ಹೋದರೆ ಕುಡಿಯುವ ನೀರಿನ ಯಂತ್ರಕ್ಕೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಕೀಲಿ. ಸಂದರ್ಶನಕ್ಕೆ ಬಂದವರು ಕೂಡುವ ಕೋಣೆಯಲ್ಲಿ ಫ್ಯಾನು ಇತ್ತು, ಅದರ ಗುಂಡಿ ಬೇರೆ ಕೋಣೆಯಲ್ಲಿ. ಗುಮಾಸ್ತನೊಬ್ಬ ಬಂದು ಒಂದು ಸೀಮೆಸುಣ್ಣವನ್ನು ನಡುವೆ ಮುರಿದು, ಅರ್ಧವನ್ನು ನಿಮ್ಮ ಅವ್ವನ ಕೈಯಲ್ಲಿ ಇಟ್ಟ.

"ಉಳಿದಿದ್ದು ವಾಪಸ್ ಕೊಡ್ರಿ ಮೇಡಂ," ಎಂದ. ನಗುತ್ತಿದ್ದಾನೇನೋ ಎಂದು ನೋಡಿದೆ. ನಗುತ್ತಿರಲಿಲ್ಲ.

ನಾನು ಹೊರಗೆ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ನಿನ್ನನ್ನು ಹಾಕಿಕೊಂಡು ಕೂತೆ. ನಿಮ್ಮ ಅವ್ವ ಬಿಜ್ಜರಗಿಯಿಂದ ದ್ರಾಕ್ಷಿ ಬಳ್ಳಿಯ ತುಂಡುಗಳನ್ನು ತರಿಸಿ, ಒಂದೊಂದಕ್ಕೂ ಚೀಟಿ ಕಟ್ಟಿಕೊಂಡು ಬಂದಿದ್ದಳು. ಬಳ್ಳಿಯ ಕುಡಿ ಹೇಗೆ ತಂತಿಯನ್ನು ಹಿಡಿದುಕೊಳ್ಳುತ್ತದೆ ಎಂದು ಅವಳು ಹೇಳುತ್ತಿದ್ದುದು ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು. ಒಂದು ತಾಸು ಎಂದಿದ್ದರು, ಎರಡು ತಾಸು ಆಯಿತು. ನೀನು ಹಸಿದು ಅಳಲು ಸುರುಮಾಡಿದೆ. ಅಲ್ಲಿ ಕಸ ಗುಡಿಸುವ ಹೆಂಗಸು ಬಂದು, ಕಸಬರಿಗೆ ಇಡುವ ಸಣ್ಣ ಕೋಣೆಯ ಬಾಗಿಲು ತೆರೆದಳು. ಅವಳು ವಿಜಯಪುರದವಳೇ, ಮುಸಲ್ಮಾನರಾಕೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು.

"ಇಲ್ಲಿ ಕೂಡ್ರಿ ಅಕ್ಕಾ, ಕೂಸಿಗಿ ನೆರಳಾಗತೈತಿ. ಮಗಳು ಬಂದು ಇಲ್ಲೇ ಹಾಲು ಕುಡಸಲಿ."

"ನೀವು ಇಲ್ಲಿ ಭಾಳ ವರ್ಷ ಆತೇನ್ರಿ?" ಎಂದು ಹೇಗೋ ಕೇಳಿದೆ.

"ಹತ್ತ ವರ್ಷ ಆತು ನೋಡ್ರಿ. ಆದ್ರ ಕಾಗದದಾಗ ಪ್ರತಿ ವರ್ಷ ಹೊಸಾಕಿ. ಹನ್ನೊಂದ ತಿಂಗಳಿಗೊಮ್ಮಿ ತಗೀತಾರ, ಎಂಟ ದಿನ ಬಿಟ್ಟು ಮತ್ತ ತಗೋತಾರ." ತನ್ನ ಕೈಯಲ್ಲಿದ್ದ ಕಸಬರಿಗೆ ತೋರಿಸಿದಳು. "ಇದೂ ನಮ್ಮ ಮನೀದ."

ಪಾಠ ಮುಗಿಸಿ ಬಂದ ನಿಮ್ಮ ಅವ್ವನ ಮುಖ ಬೆಳಗುತ್ತಿತ್ತು. ವಿಭಾಗದ ಮುಖ್ಯಸ್ಥರು ಬಾಗಿಲವರೆಗೆ ಬಂದು, ಬಹಳ ಚೆನ್ನಾಗಿತ್ತು, ಶನಿವಾರ ಇನ್ನೊಂದು ಸುತ್ತು ಇದೆ, ನಾಲ್ಕನೆಯ ಪಾಠ ಮಾಡಿಕೊಂಡು ಬನ್ನಿ ಎಂದರಂತೆ. ಬಳ್ಳಿಯ ತುಂಡುಗಳನ್ನು ಲ್ಯಾಬಿಗೆ ಇರಲಿ ಎಂದು ಅಲ್ಲೇ ಇಟ್ಟುಕೊಂಡರಂತೆ. ಅದನ್ನು ಅವಳು ಹೆಮ್ಮೆಯಿಂದ ಹೇಳಿದಳು.

ಶನಿವಾರ ಶಾಲೆ ಅರ್ಧ ದಿನ. ಮುಗಿದ ಕೂಡಲೇ ಮತ್ತೆ ಹೋದೆವು. ಈ ಸಲ ಎರಡು ತರಗತಿ, ಒಂದರ ಹಿಂದೆ ಒಂದು. ನಾನು ಅದೇ ಕಲ್ಲಿನ ಮೇಲೆ ಕೂತಿದ್ದೆ. ಮೊದಲ ತರಗತಿ ಮುಗಿಸಿದ ಹುಡುಗಿಯೊಬ್ಬಳು ಹೊರಗೆ ಬಂದು ನಿನ್ನ ಗಲ್ಲ ಹಿಂಡಿದಳು.

"ತಿಕೋಟಾ ಮೇಡಂ ಅವರ ಕೂಸೇನ್ರಿ ಇದು?"

"ಹೌದವ್ವಾ. ಅವರು ತಿಕೋಟಾದವರಂತ ನಿನಗ ಹೆಂಗ ಗೊತ್ತು?"

"ನಾವು ಎಲ್ಲಾರಿಗೂ ಊರಿನ ಮ್ಯಾಲೆ ಹೆಸರು ಇಡ್ತೇವ್ರಿ, ಆಯಿ. ಇಲ್ಲಂದ್ರ ನೆನಪ ಉಳೀಬೇಕಲ್ಲ!" ಎನ್ನುತ್ತ ತನ್ನ ನೋಟುಬುಕ್ಕು ತೆರೆದು ತೋರಿಸಿದಳು.

ಮೊದಲ ಪಾಠದ ಮೇಲೆ ದುಂಡಗೆ 'ಬಬಲೇಶ್ವರ ಸರ್' ಎಂದು ಬರೆದಿತ್ತು. ಎರಡನೆಯದರ ಮೇಲೆ ಅರ್ಧದವರೆಗೆ 'ಬಬಲೇಶ್ವರ ಸರ್', ಅಲ್ಲಿಂದ ಮುಂದೆ 'ಇಂಡಿ ಮೇಡಂ'. ಮೂರರ ಮೇಲೆ, ನಾಲ್ಕರ ಮೇಲೆ 'ತಿಕೋಟಾ ಮೇಡಂ'. ಐದನೆಯ ಪಾಠದ ಹಾಳೆ ಖಾಲಿ ಇತ್ತು.

"ಇವರೆಲ್ಲಾ ಎಲ್ಲಿ ಹ್ವಾದ್ರು?" ಎಂದೆ.

"ಡೆಮೋ ಮುಗೀತಲ್ರಿ, ಹ್ವಾದ್ರು. ನಮಗ ಈ ವರ್ಷ ಇದಕ್ಕ ಕಾಯಂ ಸರ್ ಇಲ್ರಿ. ಪೋರ್ಷನ್ ಮಾತ್ರ ಮುಗ್ಯಾಕತ್ತೈತಿ."

ಅವಳು ಅದನ್ನು ತಮಾಷೆಯಾಗಿಯೇ ಹೇಳಿ ಓಡಿದಳು. ಒಳಗೆ ನಿಮ್ಮ ಅವ್ವ ದನಿ ಒಣಗುವವರೆಗೆ ಪಾಠ ಹೇಳುತ್ತಿದ್ದಳು. ಸಂದರ್ಶನ ಎಂದು ಹೆಸರಿಟ್ಟು, ಕಲಿಸುವ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಆದರೆ ನಾನು ಏಳನೆಯ ಇಯತ್ತೆಯವಳು. ದೊಡ್ಡ ಕಾಲೇಜಿನ ರೀತಿ ನನಗೇನು ಗೊತ್ತು ಎಂದೂ ಅನ್ನಿಸಿತು.

ಅವಳು ಹೊರಗೆ ಬಂದಾಗ ಬಗಲಲ್ಲಿ ಉತ್ತರಪತ್ರಿಕೆಗಳ ಕಟ್ಟು ಇತ್ತು. ಮಕ್ಕಳ ಪೇಪರ್ ತಿದ್ದುವುದನ್ನೂ ಪರೀಕ್ಷಿಸುತ್ತಾರಂತೆ, ಮಂಗಳವಾರದೊಳಗೆ ತಿದ್ದಿ ಕೊಡಬೇಕಂತೆ.

"ಯವ್ವಾ, ನಾನ ಫೈನಲ್ ಅಂತ," ಎಂದು ನನ್ನ ತೋಳು ಹಿಡಿದಳು. "ಸೋಮವಾರ ತಿಕೋಟಾ ಸಾಲಿಗಿ ರಾಜೀನಾಮಿ ಕೊಟ್ಟು, ಬಿಡುಗಡಿ ಪತ್ರ ತಗೊಂಡು ಬರ್ರಿ ಅಂದಾರ. ಅದು ಕೈಗಿ ಬಂದ ಮ್ಯಾಲೆ ಆರ್ಡರ್ ಕೊಡ್ತಾರಂತ."

"ಮೊದಲ ಆರ್ಡರ್ ಕೊಡಾಕ ಬರೂದಿಲ್ಲೇನು?"

"ಅವರ ಪದ್ಧತಿ ಹಂಗೈತಿ."

ಊರ ನಡುವೆ ಸಿದ್ಧೇಶ್ವರ ಗುಡಿಯ ಹತ್ತಿರ ಇಳಿದು ಅವಳು ಪೇಢೆ ಕೊಂಡಳು. ಒಂದನ್ನು ಮುರಿದು ನನ್ನ ಬಾಯಿಗೆ ಇಟ್ಟಳು. ಆ ಪೇಢೆ ಬಾಯಲ್ಲಿದ್ದಾಗ ನಾನು ಏನು ಹೇಳಲಿ? ಒಬ್ಬ ಹುಡುಗಿಯ ಮಾತು, ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ, ಬಬಲೇಶ್ವರದ ಮನೆಯ ಕಸ ಹೊಡೆದು ಬರುತ್ತೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ನಮ್ಮ ಓಣಿಯ ಕೊನೆಯ ಮನೆಯ ಹುಡುಗ ಇದೇ ಸಸ್ಯಶಾಸ್ತ್ರ ಓದಿದ್ದ, ಊರಿನಲ್ಲಿ ಅದನ್ನು ಓದಿದವನು ನನಗೆ ಗೊತ್ತಿದ್ದಂತೆ ಅವನೊಬ್ಬನೇ. ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿ ಕೂತಿದ್ದ. ಅಂಗಡಿಯ ಮುಂದೆ ಎರಡು ಸಲ ದಾಟಿ ಹೋದೆ, ಒಳಗೆ ಕಾಲಿಡಲು ಆಗಲಿಲ್ಲ. ಮೂರನೆಯ ಸಲ ಅವನೇ ಕರೆದ.

"ದೊಡ್ಡವ್ವಾ, ಯಾಕ ಅಡ್ಡಾಡಾಕತ್ತಿ? ಕುಂಬಳ ಬಳ್ಳಿಗಿ ಡ್ರಿಪ್ ಹಾಕಸ್ತಿಯೇನು?"

"ಇಲ್ಲಪ್ಪಾ... ನೀ ವಿಜಾಪುರದಾಗ ಡೆಮೋ ಕೊಟ್ಟಿದ್ದಿಯೇನು, ಈ ವರ್ಷ?"

ಅವನ ನಗು ನಿಂತಿತು. "ಯಾರಿಗಿ ಕರದಾರ? ಅಕ್ಕಗೇನು?"

ತಲೆ ಆಡಿಸಿದೆ.

"ಚಾಕ್ ಪೂರ್ತಿ ಕೊಟ್ರೋ ಅರ್ಧ ಕೊಟ್ರೋ?"

"ಅರ್ಧ."

"ಹಂಗಾರ ಅದ ಮನಿ, ಅದ ದೇವರು!" ಎಂದು ಸ್ಟೂಲು ಎಳೆದು ನನ್ನನ್ನು ಕೂರಿಸಿದ. ಅವನು ಅಲ್ಲಿ ಒಂಬತ್ತು ತರಗತಿ ತೆಗೆದುಕೊಂಡಿದ್ದನಂತೆ. ಪೇಪರ್ ತಿದ್ದಿದ್ದನಂತೆ. ಬಿಡುಗಡೆ ಪತ್ರ ಕೇಳಿದರಂತೆ. ತಾನು ಕೆಲಸ ಮಾಡುತ್ತಿದ್ದ ಕಾಲೇಜು ಬಿಟ್ಟು ಅದನ್ನು ಒಯ್ದು ಕೊಟ್ಟನಂತೆ. "ಆಮ್ಯಾಲೆ ಬೋರ್ಡ್ ಮೀಟಿಂಗ್ ಆಗಿಲ್ಲ ಅಂದ್ರು. ಹದಿನೈದು ದಿನ ಬಿಟ್ಟು, ತಾಸಿನ ಲೆಕ್ಕದಾಗ ಬರ್ತೀರೇನು ಅಂದ್ರು. ರಜಾ ಬಂದ್ರ ಪಗಾರಿಲ್ಲ, ಪರೀಕ್ಷಾ ಬಂದ್ರ ಪಗಾರಿಲ್ಲ."

"ಬಿಡುಗಡಿ ಪತ್ರ ಮೊದಲ ಯಾಕ ಬೇಕಪ್ಪಾ ಅವರಿಗಿ?"

"ಕೈಯಾಗ ಕೆಲಸ ಇದ್ದಾಂವ ಪಗಾರ ಎಷ್ಟಂತ ಕೇಳ್ತಾನ, ದೊಡ್ಡವ್ವಾ. ಇಲ್ಲದಾಂವ ಯಾವಾಗಿಂದ ಬರ್ಲಿ ಅಂತ ಕೇಳ್ತಾನ. ಅವರಿಗಿ ಎರಡನೇದಾಂವ ಬೇಕು."

ತಿಕೋಟಾಕ್ಕೆ ಮರಳಿದಾಗ ಮನೆಯಲ್ಲಿ ಹಬ್ಬದ ಗದ್ದಲ. ನಿಮ್ಮ ಅಪ್ಪ ಬಿಜ್ಜರಗಿಯಿಂದ ಬಂದಿದ್ದ, ತೋಟದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದ. "ಅತ್ತಿ, ಇನ್ನ ಮ್ಯಾಲ ನಿಮ್ಮ ಮಗಳು ಪ್ರೊಫೆಸರು. ನಾನೂ ಆಕಿಗಿ 'ರೀ' ಅನಬೇಕಾಗತೈತಿ," ಎಂದ. ರಾಜೀನಾಮೆ ಪತ್ರ ಬರೆದಾಗಿತ್ತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ದೇವರ ಮುಂದೆ ಇಟ್ಟ ಕಾಗದಕ್ಕೆ ಗಂಡ ಸತ್ತವಳು ಅಪಶಬ್ದ ನುಡಿಯುವುದೇ? ಬಾಯಿ ತೆರೆದೆ. ನಿಮ್ಮ ಅವ್ವ ತಿರುಗಿ, "ಮನಿ ಕಸಾ ಭಾಳ ಇತ್ತೇನ್ ಬೇ?" ಎಂದಳು. "ಇತ್ತು," ಎಂದೆ. ಅಷ್ಟೇ ಹೇಳಿದೆ. ಇದನ್ನು ಮುಚ್ಚಿಟ್ಟುಕೊಳ್ಳದೆ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ರೂಢಿಯಂತೆ ನಾನು ಒಳಕೋಣೆಯಲ್ಲಿ ಕೂತೆ. ನಿಮ್ಮ ಅಪ್ಪ ನಸುಕಿನಲ್ಲೇ ತೋಟಕ್ಕೆ ಹೋಗಿದ್ದ. ಅವಳು ದೇವರಿಗೆ ಕೈಮುಗಿದದ್ದು ಕೇಳಿಸಿತು, ಚಪ್ಪಲಿ ಮೆಟ್ಟಿದ್ದು ಕೇಳಿಸಿತು, ಬಾಗಿಲಿನ ಅಗುಳಿ ಸರಿಯಿತು. ಅವಳ ಹೆಜ್ಜೆ ದೂರವಾಯಿತು. ಶಾಲೆ ಏಳೆಂಟು ನಿಮಿಷದ ದಾರಿ. ಅಷ್ಟರಲ್ಲಿ ಎದ್ದರೆ ಎದ್ದೆ, ಇಲ್ಲದಿದ್ದರೆ ಇಲ್ಲ. ನಿನ್ನನ್ನು ತೊಟ್ಟಿಲಿನಿಂದ ಕಿತ್ತುಕೊಂಡು, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ ಮುಂಬಾಗಿಲಿನಿಂದ ಓಡಿದೆ. ಅವಳು ಓಣಿಯ ತಿರುವಿನಲ್ಲಿದ್ದಳು.

"ನಿಲ್ಲ ಬೇ!"

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಅಂಗಳ ಸಾರಿಸುತ್ತಿದ್ದ ನೆರೆಯಾಕೆ ಕೈ ಎತ್ತಿ ನಿಂತುಬಿಟ್ಟಳು. "ಹೊಂಟಾಕಿನ್ನ ಹಿಂದಿಂದ ಕರೀತಾರೇನ ಯವ್ವಾ? ಅದೂ ನೀ!" ಎಂದಳು.

ನಾನು ಅವಳನ್ನು ದಾಟಿ ಹೋದೆ. ತಿರುವಿನಲ್ಲೇ ನಿಮ್ಮ ಅವ್ವನಿಗೆ ಎಲ್ಲ ಹೇಳಿದೆ. ಹುಡುಗಿಯ ನೋಟುಬುಕ್ಕು, ಪೈಪಿನ ಅಂಗಡಿ, ಆ ಹುಡುಗ ಹೇಳಿದ 'ಎರಡನೇದಾಂವ'. ಮಾತು ಹಿಂದೆ ಮುಂದೆ ಆಯಿತು, ಆದರೂ ಹೇಳಿದೆ. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಹೋಯಿತು.

"ಆ ಹುಡುಗಗ ಕಲಸಾಕ ಬಂದಿರಲಿಕ್ಕಿಲ್ಲ. ಅದಕ್ಕ ತಗೊಂಡಿಲ್ಲ."

"ಇರಬಹುದು."

"ನಿನಗ ಇದು ಶನಿವಾರನ ಗೊತ್ತಿತ್ತು?"

ನಿನ್ನನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡೆ.

"ಎರಡ ದಿನ ಬಾಯಾಗ ಇಟಗೊಂಡಿದ್ದಿ? ನಾ ಪೇಢಾ ತಿನಸಾಕತ್ತಾಗೂ?"

ಹಾಗೇ ಹೊರಟುಹೋದಳು. ಪತ್ರ ಅವಳ ಕೈಯಲ್ಲೇ ಇತ್ತು. ತಿರುಗಿ ನೋಡಲಿಲ್ಲ.

ಅವತ್ತಿನ ಹಗಲು ಎಷ್ಟು ಉದ್ದವಿತ್ತು ಎಂದು ಬರೆದು ತಿಳಿಸಲಾರೆ. ಕೊಟ್ಟಳೋ, ಕೊಡಲಿಲ್ಲವೋ. ಕೊಟ್ಟಿದ್ದರೆ ಆ ಶಾಲೆಯವರು ಮರುದಿನವೇ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ತಿಕೋಟಾದಲ್ಲಿ ಕಲಿತು ಕೂತವರಿಗೆ ಬರವಿರಲಿಲ್ಲ. ಇನ್ನೊಂದು ದಿಗಿಲೂ ಇತ್ತು. ನಾನು ಹೇಳಿದ್ದೇ ತಪ್ಪಾಗಿ, ನಿಜವಾಗಿಯೂ ಸಿಗಬೇಕಾದ ಕೆಲಸ ನನ್ನ ಕೂಗಿನಿಂದ ತಪ್ಪಿಹೋದರೆ? ಮಧ್ಯಾಹ್ನ ನಿನಗೆ ರಾಗಿ ಗಂಜಿ ತಿನ್ನಿಸುವಾಗ ಚಮಚ ನಿನ್ನ ಗಲ್ಲಕ್ಕೆ ತಾಗುತ್ತಿತ್ತು. ನೆರೆಯಾಕೆ ಎರಡು ಸಲ ಬಂದು ಇಣುಕಿ ಹೋದಳು.

ಸಂಜೆ ಅವಳು ಬಂದು, ಕಾಲು ತೊಳೆದು, ನಿನ್ನನ್ನು ಎತ್ತಿಕೊಂಡು ಹಾಲು ಕುಡಿಸಲು ಕೂತಳು. ನಾನು ಕಂಬ ಹಿಡಿದು ನಿಂತಿದ್ದೆ. ಗೋಡೆಯ ಕಡೆ ನೋಡುತ್ತ ಮಾತಾಡಿದಳು.

"ಕೊಡೂಕಿಂತ ಮೊದಲ ಅವರಿಗಿ ಫೋನ್ ಮಾಡಿದ್ನಿ. ಮೊದಲ ಆರ್ಡರ್ ಕೊಡ್ರಿ ಸರ್, ಆವತ್ತ ರಾಜೀನಾಮಿ ಕೊಡ್ತೀನಿ ಅಂದ್ನಿ."

"ಏನಂದ್ರು?"

"ಬೋರ್ಡ್ ಮೀಟಿಂಗ್ ಆಗಬೇಕು ಅಂದ್ರು. ಮೀಟಿಂಗ್ ಆಗೂ ತನಕ ನಾ ಇಲ್ಲೇ ಇರ್ತೀನಿ ಸರ್ ಅಂದ್ನಿ. ವಿಶ್ವಾಸ ಇಲ್ಲದವರು ನಮ್ಮ ಸಂಸ್ಥಾಕ್ಕ ಬ್ಯಾಡ, ಪೇಪರ್ ತಂದು ಒಪ್ಪಿಸ್ರಿ ಅಂದ್ರು." ನನ್ನ ಕಡೆ ತಿರುಗಿದಳು. "ಬಬಲೇಶ್ವರದಾಂವಗೂ ಇದ ಮೀಟಿಂಗ್ ಹೇಳಿದ್ರಲ್ಲ?"

"ಹೂಂ."

ರಾಜೀನಾಮೆ ಪತ್ರವನ್ನು ಬ್ಯಾಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಬೆವರಿನಿಂದ ಮೆತ್ತಗಾಗಿತ್ತು, ಅರಿಶಿನ ಅಕ್ಷರಗಳಿಗೆಲ್ಲ ಹರಡಿತ್ತು. ಮರುದಿನ ಬೆಳಿಗ್ಗೆ ಅದನ್ನೇ ಒಲೆಗೆ ಹಾಕಿ ಚಹಾ ಕಾಸಿದೆ. ಆದರೂ ಅವಳು ಉಳಿದ ಪೇಪರುಗಳನ್ನೆಲ್ಲ ಕೂತು ತಿದ್ದಿದಳು. "ಹಂಗ ಒಗದು ಬಾ, ನಿಂದೇನು ಹೋಗತೈತಿ," ಎಂದು ನಿಮ್ಮ ಅಪ್ಪ ಫೋನಿನಲ್ಲಿ ರೇಗಿದ. "ಹುಡುಗರು ಏನ ಪಾಪ ಮಾಡ್ಯಾರ?" ಎಂದಳು.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಹೊರಟಳು. ನಾನು ಮುಂಬಾಗಿಲಿನಿಂದಲೇ ಅವಳ ಜೊತೆ ಹೋದೆ.

ಅವಳು ಪೇಪರಿನ ಕಟ್ಟು ಒಪ್ಪಿಸಲು ಒಳಗೆ ಹೋದಾಗ, ಬೇವಿನ ಗಿಡದ ಕೆಳಗೆ ಇನ್ನೊಬ್ಬ ಹೆಣ್ಣುಮಗಳು ಕೂತಿದ್ದಳು. ಆರು ತಿಂಗಳ ಬಸುರಿ ಇರಬೇಕು. ಮಡಿಲಲ್ಲಿ ಪ್ಲಾಸ್ಟಿಕ್ ಫೈಲು, ತುಟಿ ಅಲುಗುತ್ತಿತ್ತು, ಏನೋ ಬಾಯಿಪಾಠ ಮಾಡುತ್ತಿದ್ದಳು. ಕೈಯಲ್ಲಿ ಅರ್ಧ ಸೀಮೆಸುಣ್ಣ. ನಾನು ಗುರುತಿಲ್ಲದವರನ್ನು ಮಾತಾಡಿಸುವವಳಲ್ಲ. ಆದರೆ ಎರಡು ದಿನ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂದು ಆಗಷ್ಟೇ ಕಂಡಿದ್ದೆ.

"ಐದನೇ ಪಾಠೇನವ್ವಾ?"

ಅವಳು ಬೆಚ್ಚಿದಳು. "ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?"

ಪಕ್ಕದಲ್ಲಿ ಕೂತು ಹೇಳಿದೆ. ಈ ಸಲ ಮಾತು ಹಿಂದೆ ಮುಂದೆ ಆಗಲಿಲ್ಲ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ, ನಂಬುವುದಿಲ್ಲ ಎಂದೂ ಅನ್ನಲಿಲ್ಲ.

"ಬಿಡಾಕ ನನ್ನ ಕೈಯಾಗ ಯಾವ ಕೆಲಸೂ ಇಲ್ರಿ, ಆಯಿ," ಎಂದಳು. "ಎರಡ ವರ್ಷ ಆತು ಹಲಗಿ ಮುಂದ ನಿಂತು. ಇವತ್ತೊಂದ ದಿನ ನಿಂತು ನೋಡ್ತೀನಿ. ಪೇಪರ್ ಕೊಟ್ರ ಮಾತ್ರ ಒಲ್ಲೆ ಅಂತೀನಿ."

ಗುಮಾಸ್ತ ಬಾಗಿಲಲ್ಲಿ ನಿಂತು ಕರೆದ. ಅವಳು ಸೆರಗು ಸರಿಪಡಿಸಿಕೊಂಡು, ಕಲ್ಲಿಗೆ ಕೈ ಊರಿ ಎದ್ದು ಒಳಗೆ ಹೋದಳು.

ನಿಮ್ಮ ಅವ್ವ ಹೊರಗೆ ಬಂದಾಗ ಕಿಟಕಿಯಿಂದ ಆ ಹೆಣ್ಣುಮಗಳ ದನಿ ಕೇಳುತ್ತಿತ್ತು. ಮೊದಲು ನಡುಗುತ್ತಿತ್ತು, ಎರಡು ಮಾತು ಮುಗಿಯುವಷ್ಟರಲ್ಲಿ ಗಟ್ಟಿಯಾಯಿತು. ಬೇರು ನೀರನ್ನು ಮೇಲೆ ಹೇಗೆ ಎತ್ತುತ್ತದೆ ಎಂದು ಹೇಳುತ್ತಿದ್ದಳು. ಮೂರೂಕಾಲರ ಬಸ್ಸಿಗೆ ಹೊತ್ತಾಗುತ್ತಿದ್ದರೂ ನಿಮ್ಮ ಅವ್ವ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತಳು.

"ಛಲೋ ಕಲಸ್ತಾಳ ಬೇ," ಎಂದಳು.